ಕೋಯಾಸಾನ್ ಬೆಟ್ಟದ ಐದಕ್ಷರ

ನಮ್ಮ ಅಣ್ಣನವರ ಮೊಮ್ಮಗ ಜಪಾನಿನ ಓಸಾಕಾ ನಗರದಲ್ಲಿ ವ್ಯಾಸಂಗನಿರತನಾಗಿದ್ದಾನೆ. ಬಾಲ್ಯದಿಂದಲೂ ಇಂಗ್ಲಿಷಿನಲ್ಲಿಯೇ ಓದಿದವನು. ಕನ್ನಡದ ಒತ್ತಕ್ಷರ ಕಂಡರೆ ಇಂದಿಗೂ ತಡವರಿಸುತ್ತಾನೆ. ಈಚೆಗೊಂದು ಶನಿವಾರ ಗೆಳೆಯರೊಡನೆ ಕೋಯಾಸಾನ್ ಬೆಟ್ಟಕ್ಕೆ ಹೋಗಿ, ದೇವಾಲಯವೊಂದರಲ್ಲಿ ರಾತ್ರಿ ತಂಗಿದ್ದನು. ಮರುದಿನ ಒಂದು ಕಲ್ಲಿನ ಚಿತ್ರವನ್ನು ನನ್ನ ಮೊಬೈಲಿಗೆ ಕಳುಹಿಸಿ, “ಅಜ್ಜಾರ, ಇವು ನಮ್ಮ ಕಡಿ ಅಕ್ಷರ ಇದ್ದಂಗ ಕಾಣ್ತಾವು, ಓದಿ ಹೇಳ್ರಿ” ಎಂದು ಕೇಳಿದನು.

ಕ್ರಿ.ಶ. 816ರಲ್ಲಿ ಚಕ್ರವರ್ತಿಯ ಅನುಮತಿ ಪಡೆದು ಆ ಬೆಟ್ಟದಲ್ಲಿ ಮಠವನ್ನು ಸ್ಥಾಪಿಸಿದವರು ಕೂಕಾಯ್ ಎಂಬ ಬೌದ್ಧ ಯತಿಗಳು. 804ರಲ್ಲಿ ಚೀನಾಕ್ಕೆ ತೆರಳಿದ್ದ ಅವರು ಅಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷುವಿನಿಂದ ಸಂಸ್ಕೃತವನ್ನು ಕಲಿತು, 806ರಲ್ಲಿ ಗ್ರಂಥಗಳೊಡನೆ ಮರಳಿದರು. ಅವರು ಅಭ್ಯಾಸ ಮಾಡಿದ ಲಿಪಿಗೆ ‘ಸಿದ್ಧಂ’ ಎಂದು ಹೆಸರು. ಬರವಣಿಗೆಯ ಆರಂಭದಲ್ಲಿ ಈ ಮಂಗಳಪದವನ್ನಿಡುವುದು ಹಿಂದಿನ ವಾಡಿಕೆ. ನಮ್ಮ ತಾಳಗುಂದದ ಸ್ತಂಭಶಾಸನವೂ ಇದೇ ಪದದಿಂದ ತೊಡಗುತ್ತದೆ. ಭಾರತದಲ್ಲಿ ಆ ಲಿಪಿಯ ಬಳಕೆ ಎಂದೋ ನಿಂತಿತು. ಜಪಾನಿನಲ್ಲಿ ಅದು ‘ಬೊಂಜಿ’, ಎಂದರೆ ಬ್ರಹ್ಮಾಕ್ಷರ, ಎಂಬ ಹೆಸರಿನಿಂದ ಇಂದಿಗೂ ಬಳಕೆಯಲ್ಲಿದೆ.

ಚಿತ್ರದಲ್ಲಿದ್ದುದು ಓಕುನೊಯಿನ್ ಎಂಬಲ್ಲಿನ ಸಮಾಧಿಶಿಲೆ. ಕೆಳಗೆ ಚೌಕಗಲ್ಲು, ಅದರ ಮೇಲೆ ಗುಂಡು, ಅದಕ್ಕೊಂದು ಇಳಿಜಾರು ಮಾಡು, ಮೇಲೆ ಅರ್ಧಗೋಳ, ತುದಿಯಲ್ಲಿ ಮೊಗ್ಗಿನಂಥ ರತ್ನ. ಕೆಳಗಿನಿಂದ ಒಂದೊಂದರ ಮೇಲೂ ಒಂದೊಂದಕ್ಷರ: ಅ, ವ, ರ, ಹ, ಖ. ಪೃಥ್ವಿ, ಅಪ್ಪು, ತೇಜ, ವಾಯು, ಆಕಾಶಗಳ ಬೀಜಾಕ್ಷರಗಳಿವು. ಮೃತನಾದವನು ‘ಪಂಚತ್ವವನ್ನೈದಿದನು’ ಎಂದು ನಾವು ಬಾಯಿಂದ ಹೇಳುತ್ತೇವೆ; ಅವರು ಆ ಮಾತನ್ನು ಕಲ್ಲಿನಲ್ಲಿಯೇ ಕಟ್ಟಿ ನಿಲ್ಲಿಸಿದ್ದಾರೆ!

ಇಷ್ಟನ್ನು ತಿಳಿಸಿದ ಮೇಲೆ ಹುಡುಗನು ಆ ಐದನ್ನೂ ಬರೆದು, ಪಕ್ಕದಲ್ಲಿ ಕನ್ನಡದ ಅಕ್ಷರಗಳನ್ನಿಟ್ಟು ಕಳುಹಿಸಿದನು. ರಜೆಯಲ್ಲಿ ಎಷ್ಟು ಕರೆದರೂ ಓಲೆಗರಿಯ ಹತ್ತಿರ ಕೂಡದವನು! ‘ಖ’ ಮಾತ್ರ ಸೊಟ್ಟಗಿತ್ತು, ತಿದ್ದಿಕೊಟ್ಟೆನು.

ಬಳಿಕ ತಾನು ಕಂಡುದನ್ನು ಅವನು ವಿವರಿಸತೊಡಗಿದನು. ಸುಮಾರು 2 ಕಿ.ಮೀ. ದೂರ ಎತ್ತರದ ದೇವದಾರುಗಳ ನಡುವೆ 2 ಲಕ್ಷಕ್ಕೂ ಮಿಕ್ಕಿದ ಸಮಾಧಿ–ಸ್ಮಾರಕಗಳಿವೆಯಂತೆ. ಜೀವಮಾನವಿಡೀ ಕಾದಾಡಿದ ತಕೆದ ಶಿಂಗೆನ್, ಉಯೆಸುಗಿ ಕೆನ್‌ಶಿನ್ ಎಂಬ ಸಾಮಂತರ ಸ್ಮಾರಕಗಳು ಒಂದೇ ದಾರಿಯ ಆಚೀಚೆಗಿವೆ. ಬೌದ್ಧ ಸಮಾಧಿಗಳೆದುರು ಶಿಂತೋ ಗುಡಿಗಳ ‘ತೋರಿ’ ದ್ವಾರಗಳೂ ಉಂಟು. ಈ ಎರಡನ್ನೂ ಬೇರ್ಪಡಿಸಬೇಕೆಂದು 1868ರಲ್ಲಿ ಸರಕಾರವು ಆಜ್ಞೆ ಹೊರಡಿಸಿದರೂ ಆ ದ್ವಾರಗಳು ನಿಂತಲ್ಲಿಯೇ ನಿಂತಿವೆ.

ಇವೆಲ್ಲವುಗಳ ನಡುವೆ, ಗೆದ್ದಲು ನಿವಾರಣೆಯ ವೃತ್ತಿಯವರು ತಾವು ಕೊಂದ ಗೆದ್ದಲುಗಳ ಶಾಂತಿಗಾಗಿ ನೆಟ್ಟ ಕಲ್ಲೊಂದಿದೆ. ನಲವತ್ತು ವರ್ಷ ಓಲೆಗರಿಗಳನ್ನು ಗೆದ್ದಲಿನ ಬಾಯಿಂದ ಬಿಡಿಸುತ್ತ ಬಂದ ನನಗೆ ಅದರ ಚಿತ್ರವನ್ನು ತಪ್ಪದೆ ಕಳುಹಿಸಲು ಹೇಳಿದ್ದೇನೆ.