ಐದರಿಂದ ಎರಡಕ್ಕೆ

ಫೆಬ್ರವರಿ 11, 2025, ಮಂಗಳವಾರ
ದೊಡ್ಡಬಳ್ಳಾಪುರ

ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಬೀದಿ ತಿರುವಿನಲ್ಲಿ ನಿಂತಿದೆ. ಮಗ ಊಟಕ್ಕೆ ಏಳಲಿಲ್ಲ.

ಶಿಡ್ಲಘಟ್ಟದಲ್ಲಿ ನೂಲು ಸಿಗದೆ ಖಾಲಿ ಬರುತ್ತಿದ್ದ. ವಿಜಯಪುರ, ದೇವನಹಳ್ಳಿ ದಾಟಿ ದೊಡ್ಡ ರಸ್ತೆಗೆ ಬಿದ್ದ ಮೇಲೆ ಐದನೇ ಗೇರು, ಎಪ್ಪತ್ತರ ವೇಗ. ಮುಂದೆ ಟಿಪ್ಪರ್ ಇತ್ತು. ಅದನ್ನು ದಾಟಲು ನಾಲ್ಕಕ್ಕೆ ಇಳಿಸಬೇಕಿತ್ತು. ರಾಡ್ ಹಿಂದಕ್ಕೆ ಎಳೆಯುವಾಗ ಎಡಕ್ಕೆ ಜಾಸ್ತಿ ವಾಲಿ ಎರಡನೇ ಗೇರಿಗೆ ಬಿದ್ದಿದೆ. ಕ್ಲಚ್ ಬಿಡುತ್ತಿದ್ದ ಹಾಗೇ ಎಂಜಿನ್ ಅರಚಿತಂತೆ, ಹಿಂದಿನ ಟೈರು ಕಿರ್ ಎಂದು ಉಜ್ಜಿಕೊಂಡು ಗಾಡಿ ಓಲಾಡಿತಂತೆ. ತಕ್ಷಣ ಕ್ಲಚ್ ತುಳಿದು ನ್ಯೂಟ್ರಲ್ ಮಾಡಿ, ಬದಿಗೆ ನಿಲ್ಲಿಸಿ, ಕೀ ತೆಗೆದಿದ್ದಾನೆ. ಮತ್ತೆ ಸ್ಟಾರ್ಟ್ ಮಾಡುವ ಧೈರ್ಯ ಅವನಿಗೆ ಬರಲಿಲ್ಲ.

ಮೈಗೆ ಏನೂ ಆಗಿಲ್ಲ. ಅದನ್ನು ನೂರು ಸಲ ಹೇಳಿಕೊಂಡೆ. ಆದರೂ ನಿದ್ದೆ ಹತ್ತುತ್ತಿಲ್ಲ. ಗೇರ್ ಬಾಕ್ಸ್ ಪುಡಿಯಾಗಿರುತ್ತದೆ, ಹೊಸದೇ ಹಾಕಿಸಬೇಕು ಎಂದು ಪಕ್ಕದ ಮನೆಯವರು ಬಾಗಿಲಲ್ಲೇ ತೀರ್ಪು ಕೊಟ್ಟು ಹೋದರು. ಗಾಡಿಯ ಕಂತು ಇನ್ನೂ ಮುಗಿದಿಲ್ಲ. ಈ ಬೀದಿಯಲ್ಲಿ ಮಗ್ಗದ ಸದ್ದಿನ ನಡುವೆಯೇ ಬೆಳೆದವಳು ನಾನು. ಲಾಳಿ ಸರಿಯಾಗಿ ಹೋಗಿ ಬೀಳದಿದ್ದರೆ ಅಡುಗೆಮನೆಯಲ್ಲಿದ್ದರೂ ಕಿವಿಗೆ ಗೊತ್ತಾಗುತ್ತದೆ. ಸದ್ದೇ ಮಾಡದೆ ನಿಂತಿರುವ ಗಾಡಿಯೊಳಗೆ ಏನು ಮುರಿದಿದೆಯೆಂದು ಹೇಗೆ ತಿಳಿಯುವುದು?

ಫೆಬ್ರವರಿ 12, ಬುಧವಾರ

ಬೆಳಿಗ್ಗೆಯೇ ನೆಲಮಂಗಲದ ಮೇಸ್ತ್ರಿಗೆ ಫೋನ್ ಮಾಡಿದೆ. ನಮ್ಮವರು ತುಮಕೂರು ರಸ್ತೆಯಲ್ಲಿ ಲಾರಿ ಓಡಿಸುತ್ತಿದ್ದ ಕಾಲದಿಂದ ಪರಿಚಯ. ಅವರು ಹೋದ ಮೇಲೂ ಆ ವಿಶ್ವಾಸ ಉಳಿದಿದೆ.

"ಅತ್ಗೆ, ಕೀ ಮುಟ್ಟಬೇಡಿ. ನಾನು ಶುಕ್ರವಾರ ಬರ್ತೀನಿ. ಅಲ್ಲೀವರ್ಗೂ ಗೇರ್ ಬಾಕ್ಸ್ ಗೇರ್ ಬಾಕ್ಸ್ ಅಂತ ಕೊರಗಬೇಡಿ. ನಾನು ಹೆದರೋದು ಎಂಜಿನ್ನಿಗೆ."

ಇದು ನನಗೆ ಹೊಸದು. ಆಮೇಲೆ ಅವರು ಬಿಡಿಸಿ ಹೇಳಿದರು. ಎಪ್ಪತ್ತರ ವೇಗದಲ್ಲಿ ಐದನೇ ಗೇರಿದ್ದಾಗ ಎಂಜಿನ್ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ ಎರಡನೇ ಗೇರು ಪೂರ್ತಿ ಹಿಡಿದರೆ ಮೂರು ಪಟ್ಟು, ಅಂದರೆ 6,000ದ ಹತ್ತಿರ. ಇಂಥ ಡೀಸೆಲ್ ಎಂಜಿನ್ ಅಷ್ಟು ತಾಳುವಂಥದ್ದಲ್ಲ. ಆಕ್ಸಿಲರೇಟರ್ ಜಾಸ್ತಿ ತುಳಿದರೆ ಡೀಸೆಲ್ ಕಡಿತ ಮಾಡಿ ತಡೆಯುವ ವ್ಯವಸ್ಥೆ ಇದೆ, ಆದರೆ ಇಲ್ಲಿ ಎಂಜಿನ್ನನ್ನು ತಿರುಗಿಸುವುದು ಚಕ್ರ. ಡೀಸೆಲ್ ನಿಂತರೂ ಸುತ್ತು ನಿಲ್ಲುವುದಿಲ್ಲ. ವಾಲ್ವಿನ ಸ್ಪ್ರಿಂಗಿಗೆ ಆ ವೇಗಕ್ಕೆ ಸರಿಯಾಗಿ ಮುಚ್ಚಲು ಆಗದೆ, ಮೇಲೆ ಬರುವ ಪಿಸ್ಟನ್ ವಾಲ್ವಿಗೆ ಬಡಿದು ಬಗ್ಗಿಸಬಹುದು. ಕ್ಲಚ್ ಪ್ಲೇಟ್ ಕೂಡ ಆ ಸುತ್ತಿಗೆ ಸಿಡಿಯಬಹುದು.

"ಗಾಡಿ ಖಾಲಿ ಇತ್ತಲ್ಲ, ಅದೇ ಪುಣ್ಯ" ಎಂದರು. ಹಿಂದೆ ಭಾರವಿಲ್ಲದ್ದರಿಂದ ಟೈರು ನೆಲ ಕಚ್ಚದೆ ಜಾರಿದೆ. ಜಾರಿದ ಟೈರು ಎಂಜಿನ್ನನ್ನು ಅಷ್ಟು ಜೋರಾಗಿ ತಿರುಗಿಸಲಾರದು. ನೂಲು ಸಿಗಲಿಲ್ಲವೆಂದು ನಿನ್ನೆ ಮಧ್ಯಾಹ್ನ ಬೇಸರಪಟ್ಟುಕೊಂಡಿದ್ದೆ.

ಫೆಬ್ರವರಿ 14, ಶುಕ್ರವಾರ

ಮೇಸ್ತ್ರಿ ಮೊದಲು ಬಾನೆಟ್ ಎತ್ತಿ, ಮುಂದಿನ ಪುಲ್ಲಿ ಬೋಲ್ಟಿಗೆ ದೊಡ್ಡ ಸ್ಪ್ಯಾನರ್ ಹಾಕಿ ಎಂಜಿನ್ನನ್ನು ಕೈಯಲ್ಲೇ ತಿರುಗಿಸಿದರು. ಎರಡು ಪೂರ್ತಿ ಸುತ್ತು, ಎಲ್ಲಾ ವಾಲ್ವೂ ಒಂದೊಂದು ಸಲ ತೆರೆದು ಮುಚ್ಚುವಷ್ಟು. ಎಲ್ಲೂ ತಡೆಯಲಿಲ್ಲ. ಆಮೇಲೆ ಕಂಪ್ರೆಷನ್ ನೋಡಿದರು. ನಾಲ್ಕು ಸಿಲಿಂಡರಿನದೂ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಬಿದ್ದುಹೋಗಿದ್ದರೆ ಅಲ್ಲಿ ವಾಲ್ವು ಬಗ್ಗಿದೆ ಎಂದು ಅರ್ಥವಂತೆ. ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದೇ ಲಯದಲ್ಲಿ ಓಡಿತು, ಹೊಗೆಯೂ ಇಲ್ಲ. ನನ್ನ ಕಾಲಿನ ನಡುಕ ಆಗ ನಿಂತಿತು.

ನಂತರ ಗೇರ್ ಬಾಕ್ಸು. ಕೆಳಗಿನ ಬೋಲ್ಟ್ ಬಿಚ್ಚಿ ಆಯಿಲ್ ಇಳಿಸಿದರು. ಬೋಲ್ಟಿನ ತುದಿಯಲ್ಲಿ ಅಯಸ್ಕಾಂತ ಇದೆ. ಅದಕ್ಕೆ ಅಂಟಿದ್ದ ಬೂದು ಬಣ್ಣದ ಮೆತ್ತನೆ ಕೆಸರನ್ನು ಬೆರಳಲ್ಲಿ ಉಜ್ಜಿ ನನಗೂ ತೋರಿಸಿದರು. ಇದು ದಿನನಿತ್ಯದ ಸವೆತ. ಉಗುರಿಗೆ ತಾಕುವಂಥ ಚೂರು ಸಿಕ್ಕಿದರೆ ಹಲ್ಲು ಮುರಿದಿದೆ ಎಂದು ಲೆಕ್ಕ. ಚೂರು ಇರಲಿಲ್ಲ. ಆದರೆ ತಟ್ಟೆಯ ಆಯಿಲನ್ನು ಬಿಸಿಲಿಗೆ ಹಿಡಿದಾಗ ಅಲ್ಲಲ್ಲಿ ಹೊಂಬಣ್ಣದ ಮಿನುಗು. ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆಯಿಲಿನಲ್ಲೇ ತೇಲುತ್ತದೆ. ಅದು ಸಿಂಕ್ರೊ ರಿಂಗಿನದು.

ಗೇರು ಹಲ್ಲಿಗೆ ಹಲ್ಲು ಕೂರುವ ಮೊದಲು ಎರಡು ಕಡೆಯ ಸುತ್ತನ್ನೂ ಉಜ್ಜಿ ಸಮ ಮಾಡುವುದೇ ಆ ಉಂಗುರದ ಕೆಲಸ. ಮೊನ್ನೆ ಅದು ಮೂರು ಪಟ್ಟು ವ್ಯತ್ಯಾಸವನ್ನು ಕ್ಷಣದಲ್ಲಿ ಸರಿಮಾಡಬೇಕಾಯಿತು. ಪೆಟ್ಟು ತಿಂದು ಹಲ್ಲುಗಳನ್ನು ಕಾಪಾಡಿದೆ. ನಮ್ಮವರ ಮೊದಲ ಲಾರಿಗೆ ಈ ರಿಂಗೇ ಇರಲಿಲ್ಲ, ಪ್ರತಿ ಗೇರಿಗೂ ಡಬಲ್ ಕ್ಲಚ್ ಹೊಡೆಯಬೇಕಿತ್ತು. ಡಿಪ್ಲೊಮಾ ಓದಿದ ಮಗಳು ಫೋನಿನಲ್ಲಿ ಹೇಳಿದಳು, 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಇದು ಬಂದಿತ್ತಂತೆ. ನಮ್ಮ ಲಾರಿಗಳಿಗೆ ಬರುವಷ್ಟರಲ್ಲಿ ಎಷ್ಟು ಜನರ ತೋಳು ಸೋತಿತೋ! ಹೊಸಕೋಟೆಯ ವೋಲ್ವೊ ಟ್ರಕ್ಕುಗಳಲ್ಲಿ ಈಗ ಗೇರನ್ನು ಕಂಪ್ಯೂಟರೇ ಹಾಕುತ್ತದೆ, ಎಂಜಿನ್ ತಾಳದ ಗೇರನ್ನು ಅದು ಒಪ್ಪುವುದೇ ಇಲ್ಲ ಎಂದೂ ಹೇಳಿದಳು. ಅಂಥದ್ದು ನಮ್ಮ ಸಣ್ಣ ಗಾಡಿಗಳಿಗೂ ಬರಲಿ. ದುಡಿಯುವ ಮಕ್ಕಳು ಓಡಿಸುವುದು ಇವನ್ನೇ.

ಆಯಿಲ್ ತರಲು ಹೊರಟಾಗ ಮೇಸ್ತ್ರಿ ತಡೆದು, ಗಾಡಿಯ ಪುಸ್ತಕ ತೆಗೆಸಿ ನೋಡಿದರು. ಜಿಎಲ್-4. ಅಂಗಡಿಯವರು ಹಿಂದಿನ ಹೌಸಿಂಗಿಗೆ ಹಾಕುವ ಜಿಎಲ್-5 ಕೊಟ್ಟುಬಿಡುತ್ತಾರೆ, ಅದರಲ್ಲಿರುವ ಗಂಧಕದ ಅಂಶ ಹಿತ್ತಾಳೆಯನ್ನು ತಿನ್ನಬಹುದು ಎಂದು ಎಚ್ಚರಿಸಿದರು. ಬಾಟಲಿ ನೋಡಿಯೇ ತಂದೆ.

ಹೋಗುವಾಗ ಮಗನನ್ನು ಸ್ಟೇರಿಂಗ್ ಮುಂದೆ ಕೂರಿಸಿದರು. "ರಾಡನ್ನ ಮುಷ್ಟಿಯಲ್ಲಿ ಹಿಡ್ಕೊಂಡು ಎಳೀಬೇಡ ಮಗ. ಐದರಿಂದ ನ್ಯೂಟ್ರಲ್‌ಗೆ ತಂದು ಕೈ ಸಡಿಲ ಬಿಡು, ಸ್ಪ್ರಿಂಗೇ ಅದನ್ನ ಮಧ್ಯಕ್ಕೆ ತರ್ತದೆ. ಅಲ್ಲಿಂದ ನೇರ ಕೆಳಗೆ ನಾಲ್ಕು." ಎಂಜಿನ್ ಆಫ್ ಇಟ್ಟೇ ಕತ್ತಲಾಗುವವರೆಗೂ ಅದನ್ನೇ ಮಾಡುತ್ತಾ ಕೂತಿದ್ದ. ಗಾಡಿ ಸರಿಯಿದೆಯೆಂದು ತಿಳಿದ ಮೇಲೂ ಅವನ ಮುಖ ತಿಳಿಯಾಗಿರಲಿಲ್ಲ. ಬಡಿದ ಪೆಟ್ಟು ಅವನಿಗೂ ತಾಗಿದೆ, ಅದನ್ನು ಯಾವ ಬೋಲ್ಟ್ ಬಿಚ್ಚಿ ನೋಡಲಿ?

ಫೆಬ್ರವರಿ 25, ಮಂಗಳವಾರ

ನಾಳೆ ಶಿವರಾತ್ರಿ. ಗಾಡಿ ಈ ದಿನಗಳಲ್ಲಿ ಊರೊಳಗೆ, ನೆಲಮಂಗಲದವರೆಗೆ ಓಡಿದೆ. ಇವತ್ತು ಆಯಿಲನ್ನು ಮತ್ತೆ ಸ್ವಲ್ಪ ಇಳಿಸಿ ನೋಡಿದೆವು. ಮಿನುಗು ಇಲ್ಲವೇ ಇಲ್ಲ ಎನ್ನಬಹುದು. ಬೆಳಿಗ್ಗೆ ತಣ್ಣಗಿರುವಾಗ ಮಾತ್ರ ಎರಡನೇ ಗೇರು ಕರ್ ಎನ್ನುತ್ತದೆ, ಒಂದೆರಡು ಕಿಲೋಮೀಟರ್ ಹೋದ ಮೇಲೆ ಸುಮ್ಮನಾಗುತ್ತದೆ. ಈಗಲೇ ಬಾಕ್ಸ್ ಬಿಚ್ಚುವುದು ಬೇಡ, ಮುಂದೆ ಕ್ಲಚ್ ಪ್ಲೇಟ್ ಹಾಕುವಾಗ ಹೇಗೂ ಬಾಕ್ಸ್ ಇಳಿಸಬೇಕು, ಆಗ ರಿಂಗನ್ನೂ ಬದಲಿಸೋಣ ಎಂದರು ಮೇಸ್ತ್ರಿ. ಎರಡನೇ ಗೇರು ತಾನಾಗಿ ಆಚೆ ಚಿಮ್ಮತೊಡಗಿದರೆ, ಅಥವಾ ಬಿಸಿಯಾದ ಮೇಲೂ ಕರ್ ಎಂದರೆ, ಅಂದೇ ನಿಲ್ಲಿಸಬೇಕು. ಅದಕ್ಕೆಂದು ಪ್ರತಿ ತಿಂಗಳೂ ಸ್ವಲ್ಪ ಹಣ ತೆಗೆದಿಡುತ್ತೇನೆ.

ಗುರುವಾರ ಶಿಡ್ಲಘಟ್ಟಕ್ಕೆ ಹೋಗಬೇಕು, ನೂಲು ಬಂದಿದೆಯಂತೆ. ಜೊತೆಗೆ ನಾನೂ ಬರಲಾ ಎಂದು ಕೇಳಿದೆ. "ಬೇಡಮ್ಮ, ಹೋಗ್ಬರ್ತೀನಿ" ಎಂದ. ಬುತ್ತಿಗೆ ಏನು ಕಟ್ಟಲಿ ಎಂದೆ. ಚಿತ್ರಾನ್ನ ಕೇಳಿದ್ದಾನೆ.