ಬಾಬುಘಾಟ್‌ನಲ್ಲಿ ತುಮಕೂರಿನ ಬಸ್ಸು

ಕೋಲಾಘಾಟ್‌ನ ಪೆಟ್ರೋಲ್ ಬಂಕು, ಬೆಳಗಿನ ಆರೂವರೆ. ಕಿಟಕಿಯ ಗಾಜನ್ನು ಟವೆಲ್ಲಿನಿಂದ ಎಷ್ಟು ಒರೆಸಿದರೂ ಹೊರಗೆ ಏನೂ ಕಾಣದು. ಮಂಜು ಗಾಜಿನ ಮೇಲಿಲ್ಲ, ಹೆದ್ದಾರಿಯ ಮೇಲಿದೆ. ಪಕ್ಕದಲ್ಲಿ ನಿಂತ ಲಾರಿಯ ಹಿಂದಿನ ದೀಪವೊಂದೇ ಮಸುಕಾಗಿ ಕೆಂಪಗಿದೆ. ಕೋಲ್ಕತ್ತ ಇಲ್ಲಿಂದ ಹೆಚ್ಚೆಂದರೆ ಎರಡು ಗಂಟೆಯ ದಾರಿ. ಹೆಂಗಸರೆಲ್ಲ ಎದ್ದು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಸೀಟಿನಲ್ಲಿ ಚಡಪಡಿಸುತ್ತಿದ್ದಾರೆ. ಡ್ರೈವರಣ್ಣ ಮಾತ್ರ ಮಣ್ಣಿನ ಲೋಟದಲ್ಲಿ ಎರಡನೇ ಟೀ ಹಿಡಿದು ನಿಂತಿದ್ದಾರೆ.

“ಹೊರಡೋಣ್ವಾ ಅಣ್ಣ? ಸ್ನಾನಕ್ಕೆ ಹೊತ್ತಾಯ್ತು ಅಂತ ಗೊಣಗ್ತಾ ಅವ್ರೆ,” ಅನ್ನುತ್ತಾರೆ ಮ್ಯಾನೇಜರು.

“ಆ ಲಾರಿ ನಂಬರು ಇಲ್ಲಿಂದ ಓದೋ ಹಂಗಾಗ್ಲಿ, ಹೊರಡ್ತೀನಿ. ಗಂಗೆ ಎಲ್ಲೂ ಓಡೋಗಲ್ಲ.”

ರಾತ್ರಿ ಇಲ್ಲೇ ನಿಲ್ಲಿಸಿದ್ದೂ ಅವರದೇ ತೀರ್ಮಾನ. ಹತ್ತು ಗಂಟೆಯ ಮೇಲೆ ಗೊತ್ತಿಲ್ಲದ ದೊಡ್ಡ ಊರಿನೊಳಗೆ ನುಗ್ಗಬಾರದು, ಊರಿಗೆ ಮುಂಚೆಯೇ ಲಾರಿಗಳು ಮಲಗಿರುವ ಜಾಗ ನೋಡಿ ಮಲಗಬೇಕು. ಬೆಳಕಿದೆಯೇ, ನೀರಿದೆಯೇ, ರಾತ್ರಿಯಿಡೀ ಎಚ್ಚರವಿರುವ ಮನುಷ್ಯನೊಬ್ಬನಿದ್ದಾನೆಯೇ ಎಂಬುದನ್ನು ಲಾರಿಯವರು ನಮಗಿಂತ ಮೊದಲೇ ನೋಡಿಕೊಂಡಿರುತ್ತಾರೆ ಎಂಬುದು ಅವರ ವಾದ. ಮೊಬೈಲಿನ ಯಾವ ಮ್ಯಾಪಿಗಿಂತಲೂ ಇದು ಹೆಚ್ಚು ನಂಬಿಕೆಗೆ ಅರ್ಹ ಎಂದು ನನಗೂ ಅನ್ನಿಸುತ್ತದೆ.

ಇದು ತುಮಕೂರು ಸೀಮೆಯ ಯಾತ್ರಾ ಬಸ್ಸು. ಪುರಿ ಮುಗಿಸಿಕೊಂಡು ಗಂಗಾಸಾಗರಕ್ಕೆ ಹೊರಟಿದೆ, ಅಲ್ಲಿಂದ ಮುಂದೆ ಗಯಾ, ಕಾಶಿ, ಪ್ರಯಾಗ. ಬೆಂಗಳೂರಿನಲ್ಲಿ ಈಗ ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಇರುವ ಕ್ಯಾರವಾನ್‌ಗಳು ಬಾಡಿಗೆಗೆ ಸಿಗುತ್ತವೆ, ಅವುಗಳ ಫೋಟೋಗಳೂ ಚೆಂದ. ಆದರೆ ವಾಹನವನ್ನೇ ಮನೆ ಮಾಡಿಕೊಂಡು ದೇಶ ಸುತ್ತುವುದನ್ನು ನಮ್ಮ ಹಳ್ಳಿಗಳವರು ಯಾತ್ರಾ ಬಸ್ಸಿನಲ್ಲಿ ಎಂದೋ ಕಲಿತುಬಿಟ್ಟಿದ್ದಾರೆ. ಟಾಪಿನ ಮೇಲೆ ಟಾರ್ಪಾಲು ಹೊದ್ದ ಹಾಸಿಗೆ ಸುರುಳಿಗಳು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ರಾಗಿ ಹಿಟ್ಟು, ಹುಣಿಸೆಹಣ್ಣು, ಕೊಳದಪ್ಪಲೆ, ಕೊನೆಯ ಸೀಟಿನಲ್ಲಿ ಅಡುಗೆ ಭಟ್ಟರು. ಕೋಲ್ಕತ್ತಕ್ಕೂ ಇಂಥ ಅಲೆಮಾರಿ ಬಸ್ಸುಗಳು ಹೊಸವಲ್ಲ. 1957ರ ಏಪ್ರಿಲ್ 15ರಂದು ಲಂಡನ್ ಬಿಟ್ಟ ‘ಇಂಡಿಯಾಮನ್’ ಎಂಬ ಬಸ್ಸು 20 ಪ್ರಯಾಣಿಕರನ್ನು ಕೂರಿಸಿಕೊಂಡು ಜೂನ್ 5ಕ್ಕೆ ಇದೇ ಊರು ಮುಟ್ಟಿತ್ತು.

ಲಾರಿಯ ನಂಬರು ಕಾಣಿಸಿತು. ಹೊರಟೆವು.

ವಿದ್ಯಾಸಾಗರ ಸೇತುವೆ ಹತ್ತುವಾಗ ಬಿಸಿಲು ಬಂದಿದೆ. 1992ರಲ್ಲಿ ತೆರೆದ ಈ ಸೇತುವೆಗೆ ನಡುನದಿಯಲ್ಲಿ ಒಂದೂ ಕಂಬವಿಲ್ಲ. ಎರಡು ಗೋಪುರಗಳ ನಡುವಿನ 457 ಮೀಟರ್ ರಸ್ತೆಯನ್ನು ಓರೆಯಾಗಿ ಬಿಗಿದ ಹಗ್ಗಗಳೇ ಎತ್ತಿ ಹಿಡಿದಿವೆ. ಅಜ್ಜಿಯರು ಕೈಮುಗಿಯುವುದು ಸೇತುವೆಗಲ್ಲ, ಕೆಳಗಿನ ಹೂಗ್ಲಿಗೆ. ಇಳಿದ ಕೂಡಲೇ ಪೊಲೀಸರ ಬಟ್ಟೆ ಬಿಳಿಯಾಗುತ್ತದೆ. ಕೋಲ್ಕತ್ತ ನಗರದ ಪೊಲೀಸರು ಬಿಳಿ, ಹೊರಗಿನ ಜಿಲ್ಲೆಗಳವರು ಖಾಕಿ. ಕಳೆದುಹೋದರೆ ಬಿಳಿ ಬಟ್ಟೆಯವರ ಹತ್ತಿರ ಹೋಗಿ, ನಾಳೆ ಕಾಕ್‌ದ್ವೀಪದಲ್ಲಾದರೆ ಖಾಕಿಯವರ ಹತ್ತಿರ ಎಂದು ಮ್ಯಾನೇಜರು ಮೈಕಿನಲ್ಲಿ ಕೂಗುತ್ತಿದ್ದಾರೆ. ಡ್ರೈವರಣ್ಣ ಮ್ಯಾಪ್ ಆಫ್ ಮಾಡಿಸುತ್ತಾರೆ. ಈ ಊರಿನ ಎಷ್ಟೋ ಏಕಮುಖ ರಸ್ತೆಗಳು ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನದ ಮೇಲೆ ಇನ್ನೊಂದು ದಿಕ್ಕು. ಪ್ರತಿ ಸಿಗ್ನಲ್ಲಿನಲ್ಲೂ ಕ್ಲೀನರ್ ಮರಿ ತಲೆ ಹೊರಹಾಕಿ “ದಾದಾ, ಬಾಬುಘಾಟ್?” ಎಂದು ಕೇಳುತ್ತಾನೆ, ಕೈ ತೋರಿಸಿದ ಕಡೆ ಬಸ್ಸು ತಿರುಗುತ್ತದೆ.

ಬಾಬುಘಾಟ್, ಔಟ್ರಾಮ್ ಘಾಟ್ ಸುತ್ತಲಿನ ಬಯಲು ಗಂಗಾಸಾಗರ ಮೇಳದ ಈ ವಾರ ಅರ್ಧ ಭಾರತ. ಬಿಹಾರ, ರಾಜಸ್ಥಾನ, ಆಂಧ್ರದ ಬಸ್ಸುಗಳು. ಬೂದಿ ಬಳಿದ ಸಾಧುಗಳ ಧುನಿಯ ಬೆಂಕಿ, ಮಾರ್ವಾಡಿ ಸಂಸ್ಥೆಗಳ ಉಚಿತ ಊಟದ ಶಾಮಿಯಾನ, ಎಲ್ಲದರ ಮೇಲೆ ಹೊಗೆ, ಧೂಳು. ಬಸ್ಸು ಬಸ್ಸಿನ ನಡುವೆ, ಚಕ್ರಗಳ ನೆರಳಿನಲ್ಲಿ, ಜನ ಕಂಬಳಿ ಹೊದ್ದು ಮಲಗಿದ್ದಾರೆ.

ಇಲ್ಲಿ ನೋಡಿ, ಈ ಮರಿಯನ್ನು. ಹತ್ತೊಂಬತ್ತೋ ಇಪ್ಪತ್ತೋ ಇರಬಹುದು. ಬಸ್ಸನ್ನು ರಿವರ್ಸ್ ಹಾಕಬೇಕು. ಅವನು ಮೊದಲು ಹಿಂದಕ್ಕೆ ಹೋಗುವುದಿಲ್ಲ. ಮಂಡಿಯೂರಿ, ಟಾರ್ಚ್ ಹಾಕಿ ಬಸ್ಸಿನ ಅಡಿಯನ್ನು ನೋಡುತ್ತಾನೆ, ಹಗಲಿನಲ್ಲೂ. ಆಮೇಲೆ ಎಡಬದಿ, ಬಲಬದಿ. ಗೋಣಿಚೀಲ ಕಂಡರೆ ಕಾಲಿನಿಂದ ಸರಿಸುವುದಿಲ್ಲ, ಕೈಯಿಂದ ಎತ್ತಿ ನೋಡುತ್ತಾನೆ, ಗೋಣಿಯ ಒಳಗೆ ಮನುಷ್ಯ ಇರಬಹುದು. ಕೊನೆಗೆ ಡ್ರೈವರನ ಕನ್ನಡಿಯಲ್ಲಿ ತನ್ನ ಮುಖ ಕಾಣುವಂತೆ ನಿಂತು, ತಗಡಿನ ಮೇಲೆ ಎರಡು ಸಲ ಬಡಿಯುತ್ತಾನೆ: “ಬರ್ಲಿ, ಬರ್ಲಿ, ಬರ್ಲಿ.” ಅವನ ಮುಖ ಕನ್ನಡಿಯಿಂದ ಮರೆಯಾದರೆ ಬಸ್ಸು ನಿಲ್ಲಬೇಕು, ಕಾರಣ ಕೇಳುವ ಹಾಗಿಲ್ಲ. ಅಂದಹಾಗೆ ಅವನಿಗೆ ಇದನ್ನು ಯಾರೂ ಕಲಿಸಿಲ್ಲವಂತೆ, ಹಿಂದಿನ ಕ್ಲೀನರ್ ಮಾಡುತ್ತಿದ್ದನಂತೆ, ಇವನೂ ಮಾಡುತ್ತಾನೆ.

ತುಮಕೂರು ಬಿಟ್ಟಾಗಿನಿಂದ ಬಸ್ಸಿನಲ್ಲಿ ಭಯದ ಮಾತೆಲ್ಲ ಕಳ್ಳರದ್ದೇ. ಸರ ಬಿಚ್ಚಿಟ್ಟು ಬಂದಿದ್ದಾರೆ, ದುಡ್ಡನ್ನು ಸಂಚಿಯಲ್ಲಿಟ್ಟು ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಅಪರಿಚಿತರು ಕೊಟ್ಟ ಬಿಸ್ಕತ್ತು ಮುಟ್ಟುವುದಿಲ್ಲ. ಒಳ್ಳೆಯದೇ. ಆದರೆ ಕಳ್ಳ ಕದಿಯುವುದು ದುಡ್ಡನ್ನು. ವಾಹನದಲ್ಲೇ ಉಂಡು ಮಲಗುವವರ ಜೀವಕ್ಕೆ ಎರವಾಗುವುದು ಬೇರೆ: ಚಕ್ರ, ಬೆಂಕಿ, ಹೊಗೆ, ನೀರು, ನೂಕುನುಗ್ಗಲು. ಇವಕ್ಕೆ ಹೆದರುವವರು ಬಸ್ಸಿನಲ್ಲಿ ಇಬ್ಬರೇ, ಡ್ರೈವರಣ್ಣ ಮತ್ತು ಮರಿ.

ಭಟ್ಟರು ಒಲೆ ಹೂಡುತ್ತಿದ್ದಾರೆ. ಬಸ್ಸಿನ ನೆರಳಿನಲ್ಲಿ ಅಲ್ಲ, ಮೂವತ್ತು ಹೆಜ್ಜೆ ಆಚೆ, ಗಾಳಿ ಬಸ್ಸಿನ ಕಡೆಯಿಂದ ಬರುವ ಜಾಗದಲ್ಲಿ. ರೆಗ್ಯುಲೇಟರ್ ಸಿಕ್ಕಿಸಿ, ಸೋಪಿನ ನೊರೆಯನ್ನು ಕೊಳವೆಯ ಉದ್ದಕ್ಕೂ ಸವರುತ್ತಾರೆ. ಗುಳ್ಳೆ ಎದ್ದರೆ ಅಡುಗೆ ಇಲ್ಲ. ಅಡುಗೆ ಮುಗಿದ ಮೇಲೆ ರೆಗ್ಯುಲೇಟರ್ ಬಿಚ್ಚಿ ತಮ್ಮ ಚೀಲದಲ್ಲೇ ಇಟ್ಟುಕೊಳ್ಳುತ್ತಾರೆ, ಯಾರೂ ರಾತ್ರಿ ಕಾಫಿ ಕಾಯಿಸಲು ಹೋಗದಿರಲಿ ಎಂದು. ಇಷ್ಟೆಲ್ಲ ಎಚ್ಚರವಿದ್ದರೂ ಜನ ಕೂತ ಬಸ್ಸಿನಲ್ಲಿ ಸಿಲಿಂಡರ್ ಒಯ್ಯುವುದು ನನಗೆ ಒಗ್ಗದು, ಇಂಥ ಎಲ್ಲ ಯಾತ್ರೆಗಳ ಅತಿ ಕೆಟ್ಟ ಅಭ್ಯಾಸ ಇದೇ. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ರೈಲ್ವೆ ಯಾರ್ಡಿನಲ್ಲಿ ನಿಂತಿದ್ದ ಯಾತ್ರಿಕರ ಬೋಗಿಗೆ ಬೆಂಕಿ ಬಿದ್ದು 9 ಜನ ಸತ್ತರು. ಒಳಗೆ ಕದ್ದು ತಂದಿದ್ದ ಸಿಲಿಂಡರ್, ಕಾಯಿಸಲು ಹೊರಟದ್ದು ಬರೀ ಟೀ. ಭಟ್ಟರಿಗೆ ಹೇಳಿದರೆ ನಗುತ್ತಾರೆ: “ಸ್ವಾಮಿ, ಕಟ್ಟಿಗೆ ಒಲೇಲಿ ನಲವತ್ತು ಜನಕ್ಕೆ ಮುದ್ದೆ ಯಾರು ತಿರುವ್ತಾರೆ?” ಶಾಮಿಯಾನದ ಊಟ ಉಣ್ಣಬಹುದಲ್ಲ ಎಂದರೆ ಸಾಲಿನಲ್ಲಿ ಕೂತ ಅಜ್ಜಂದಿರು ಒಪ್ಪರು. ಅಲ್ಲಿ ಖಿಚಡಿ.

ಊಟಕ್ಕೆ ಮುಂಚೆ ಸ್ನಾನ. ಬಾಬುಘಾಟಿನ ದಪ್ಪ ಕಂಬಗಳ ಮಂಟಪವನ್ನು 1830ರಲ್ಲಿ ಕಟ್ಟಿಸಿದವರು ರಾಣಿ ರಾಸಮಣಿಯ ಗಂಡ ರಾಜಚಂದ್ರ ದಾಸ್. ಮೂಲೆ ಮೂಲೆಯಲ್ಲಿ ಎಣ್ಣೆ ಹಚ್ಚುವವರು, ಕ್ಷೌರದವರು. ಅಲ್ಲಿಗೆ ಹೋಗಲು ಸರ್ಕ್ಯುಲರ್ ರೈಲಿನ ಹಳಿ ದಾಟಬೇಕು. ರಸ್ತೆಯ ಗದ್ದಲದಲ್ಲಿ ರೈಲಿನ ಸದ್ದು ಕಿವಿಗೆ ಬೀಳುವುದೇ ಇಲ್ಲ. ಮ್ಯಾನೇಜರು ಹಳಿಯ ಪಕ್ಕದಲ್ಲೇ ನಿಂತು, ಎರಡೂ ಕಡೆ ಕತ್ತು ತಿರುಗಿಸಿ ನೋಡಿ, ಹತ್ತು ಹತ್ತು ಜನರನ್ನು ದಾಟಿಸುತ್ತಾರೆ.

ಮೆಟ್ಟಿಲ ಮೇಲೆ ರೇವೆ ಮಣ್ಣು, ಕಾಲಿಟ್ಟರೆ ಜಾರುತ್ತದೆ. ಅಜ್ಜಿಯೊಬ್ಬರು ಚೆಂಡುಹೂವು ಬಿಟ್ಟರು. ಹೂವು ಸಮುದ್ರದ ಕಡೆಗೆ ಹೋಗಲಿಲ್ಲ, ಬಡಗಣಕ್ಕೆ, ಹೌರಾ ಸೇತುವೆಯ ಕಡೆಗೆ ಸಾಗಿತು. “ಅಯ್ಯೋ, ಹೊಳೆ ಹಿಂದಕ್ಕೆ ಹರೀತೈತಲ್ಲಪ್ಪ!” ತುಮಕೂರಿನವರಿಗೆ ಉಬ್ಬರ ಎಲ್ಲಿ ಗೊತ್ತು! ದಿನಕ್ಕೆ ಎರಡು ಸಲ ಸಮುದ್ರ ಈ ನದಿಯನ್ನು ಹಿಂದಕ್ಕೆ ದೂಡುತ್ತದೆ. ನೀರು ಸದ್ದಿಲ್ಲದೆ ಒಂದೊಂದೇ ಮೆಟ್ಟಿಲು ನುಂಗುತ್ತದೆ. ಕೆಲವು ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಉಬ್ಬರ ಗೋಡೆಯಾಗಿ ಎದ್ದು ಬರುವುದೂ ಉಂಟು, ಬಂಗಾಳಿಗಳು ಅದನ್ನು ‘ಬಾನ್’ ಅನ್ನುತ್ತಾರೆ, ಆಗ ಘಾಟಿನಲ್ಲಿ ನಿಲ್ಲುವುದೇ ಬೇಡ. ಎಣ್ಣೆ ಹಚ್ಚುವವನು ಕೈಯಾಡಿಸಿ ನಮ್ಮವರನ್ನು ಎರಡು ಮೆಟ್ಟಿಲು ಮೇಲಕ್ಕೆ ಕರೆಯುತ್ತಾನೆ. ಭಾಷೆ ತಿಳಿಯದಿದ್ದರೂ ಎಲ್ಲರೂ ಹತ್ತಿದರು. ಗೊತ್ತಿಲ್ಲದ ನೀರಿನಲ್ಲಿ ದಿನಾ ಅಲ್ಲೇ ಇರುವವನ ಕೈಸನ್ನೆಯೇ ಕಾನೂನು.

ಮಧ್ಯಾಹ್ನ ಕಾಳಿಘಾಟ್. ಪಂಡಾಗಳು, ದಕ್ಷಿಣೆ, ಜಗ್ಗಾಟ, ಚಪ್ಪಲಿ. ಹೇಳುವಂಥದ್ದೇನಿಲ್ಲ, ಎಲ್ಲ ಕ್ಷೇತ್ರದ ಕತೆಯೇ. ಭಟ್ಟರು ದೇವರನ್ನು ದೂರದಿಂದಲೇ ನೋಡಿ, ಹತ್ತಿರದ ಲೇಕ್ ಮಾರ್ಕೆಟ್ಟಿಗೆ ಓಡಿ, ಕರಿಬೇವು, ನುಗ್ಗೆಕಾಯಿ, ಬಾಳೆಎಲೆ ತಂದರು. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಕಡೆ ಅದು.

ರಾತ್ರಿ ಚಳಿ ಏರಿತು. ಯಜಮಾನರೊಬ್ಬರು ಸಾಧುಗಳ ಹತ್ತಿರದಿಂದ ಕೆಂಡ ತುಂಬಿದ ಅಗ್ಗಿಷ್ಟಿಕೆ ತಂದು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಿದ್ದಾರೆ, ಒಳಗೆ ಒಯ್ಯುವ ಆಸೆ. “ಕಿಟಕಿ ಹಾಕ್ಕೊಂಡು ಮಲಗಿದ್ರೆ ಬೆಚ್ಚಗಿರುತ್ತೆ ಕಣಪ್ಪ.”

ಡ್ರೈವರಣ್ಣ ಜಗಳವಾಡಲಿಲ್ಲ. ಅಗ್ಗಿಷ್ಟಿಕೆಯನ್ನು ಎತ್ತಿ ದೂರ ಇಟ್ಟು ಬಂದು, ಪಕ್ಕದಲ್ಲಿ ಕೂತು, ವಡಕರದ ಕತೆ ಹೇಳಿದರು. 2024ರ ಡಿಸೆಂಬರ್ 23ರಂದು ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತು ಸಿಕ್ಕರು. ಏಸಿಗೆಂದು ಜನರೇಟರ್ ಓಡಿಸಿಕೊಂಡು ಮಲಗಿದ್ದರು. ಅದರ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿ ಇಲ್ಲ. ರಕ್ತ ಆಮ್ಲಜನಕವನ್ನು ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತದೆ, ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಕೆಂಡದಿಂದ ಬರುವುದೂ ಅದೇ. “ಅವ್ರು ಕ್ಯಾರವಾನ್ ಕೆಲಸದವರೇ ಯಜಮಾನ್ರೇ, ಹೊಸಬರಲ್ಲ.” ಯಜಮಾನರು ಮರುಮಾತಿಲ್ಲದೆ ಎರಡು ಕಂಬಳಿ ಹೊದ್ದರು. ಎಂಜಿನ್ ಆಫ್. ಎರಡು ಕಿಟಕಿ ನಾಲ್ಕು ಬೆರಳು ತೆರೆದೇ ಇದ್ದವು.

ಮರುದಿನ ನಮ್ಮ ಬಸ್ಸು ಡೈಮಂಡ್ ಹಾರ್ಬರ್ ರಸ್ತೆ ಹಿಡಿದು ಕಾಕ್‌ದ್ವೀಪದ ಲಾಟ್ ನಂಬರ್ ಎಂಟರವರೆಗೆ ಬಂದಿದೆ. ಕೋಲ್ಕತ್ತದಿಂದ ಸುಮಾರು 90 ಕಿಲೋಮೀಟರ್. ಇಲ್ಲಿಂದ ಮುರಿಗಂಗಾ ನದಿಯನ್ನು ಲಾಂಚಿನಲ್ಲಿ ದಾಟಿ ಕಚುಬೇರಿಯಾ, ಅಲ್ಲಿಂದ ಬೇರೆ ಬಸ್ಸಿನಲ್ಲಿ 30 ಕಿಲೋಮೀಟರ್ ಹೋದರೆ ಕಪಿಲಮುನಿಯ ಗುಡಿ, ಸಾಗರ. ಮನೆಯಾಗಿದ್ದ ಬಸ್ಸು ಈ ದಡದಲ್ಲೇ ಉಳಿಯುತ್ತದೆ. ಜೊತೆಗೆ ಡ್ರೈವರಣ್ಣ, ಮರಿ.

ಇಳಿಯುವ ಮುಂಚೆ ಮ್ಯಾನೇಜರು ಕೊರಳ ಕಾರ್ಡುಗಳನ್ನು ಪರೀಕ್ಷಿಸುತ್ತಾರೆ. ಬಸ್ಸಿನ ನಂಬರು, ನಿಂತ ಜಾಗ, ಎರಡು ಫೋನು, ರಕ್ತದ ಗುಂಪು. ಕನ್ನಡ, ಹಿಂದಿ, ಕೆಳಗೆ ಬಂಗಾಳಿ, ನಿನ್ನೆ ಬಾಬುಘಾಟಿನ ಟೀ ಅಂಗಡಿಯವನು ಬರೆದುಕೊಟ್ಟದ್ದು. ಫೋನು ಕಳೆದರೂ, ಮಾತು ಬಾರದಿದ್ದರೂ ಕಾರ್ಡು ಮಾತಾಡಬೇಕು. ಇನ್ನೊಂದು ಏರ್ಪಾಡು ‘ಜೋಡಿ’. ಮ್ಯಾನೇಜರು ತಲೆ ಎಣಿಸುವುದಿಲ್ಲ. ಎಣಿಸುವಾಗ ಯಾರೋ ಎದ್ದು ಹೋಗುತ್ತಾರೆ, ಬೇರೆ ಬಸ್ಸಿನವರು ಬಂದು ಕೂತಿರುತ್ತಾರೆ, ಲೆಕ್ಕ ಸರಿಯಾಗಿಯೇ ಬರುತ್ತದೆ. ಅವರು ಪ್ರತಿಯೊಬ್ಬರನ್ನೂ ಕೇಳುವುದು ಒಂದೇ: “ನಿಮ್ಮ ಜೋಡಿ ಅವ್ರಾ?”

ನದಿ ಇಳಿದಿದೆ. ಇಳಿತದಲ್ಲಿ ಹೂಳಿಗೆ ತಳ ತಾಗುವುದರಿಂದ ಲಾಂಚು ಗಂಟೆಗಟ್ಟಲೆ ನಿಲ್ಲುತ್ತದೆ. ಬಿದಿರಿನ ಗಳ ಕಟ್ಟಿದ ಓಣಿಗಳಲ್ಲಿ ಸಾಲು ಹಿಂದೆ ಸಾಲು. ಲುಂಗಿಯವನೊಬ್ಬ ಬಂದು ಬೇರೆ ಕಡೆಯಿಂದ ಮೋಟಾರು ದೋಣಿ ಇದೆ, ಈಗಲೇ ದಾಟಿಸುತ್ತೇನೆ ಅನ್ನುತ್ತಾನೆ. ಕೆಲವರ ಕಾಲು ಆಗಲೇ ಆ ಕಡೆ ತಿರುಗಿದೆ. ಮ್ಯಾನೇಜರು ಅಡ್ಡ ನಿಂತರು. 2010ರ ಜನವರಿ 14ರಂದು ಇದೇ ಕಾಕ್‌ದ್ವೀಪದಲ್ಲಿ ದೋಣಿ ಹತ್ತುವ ನೂಕುನುಗ್ಗಲಲ್ಲಿ ಏಳು ಜನ ಸತ್ತದ್ದನ್ನು ಅವರು ಮರೆತಿಲ್ಲ. “ಲಾಂಚು ಬಂದಾಗ ಓಡಬಾರದು. ಗಳದ ಅಂಚಿಗೆ ನಿಲ್ಲಬಾರದು. ಜನ ತಳ್ಳಿದರೆ ಎದುರು ತಳ್ಳಬೇಡಿ, ಕೈ ಎದೆಗೆ ಅಡ್ಡ ಕಟ್ಕೊಂಡು ಓರೆಯಾಗಿ ಸರೀರಿ. ಚಪ್ಪಲಿ ಬಿದ್ರೆ ಬಗ್ಗಬೇಡಿ, ಚಪ್ಪಲಿ ದುಡ್ಡು ನಾನು ಕೊಡ್ತೀನಿ.”

“ಎರಡೂ ಚಪ್ಪಲಿದಾ?” ಯಾರೋ ಕೇಳಿದರು.

ಆಗಲೇ ಮ್ಯಾನೇಜರ ಫೋನು ರಿಂಗಾಯಿತು. ಆ ಕಡೆಯ ಬಂಗಾಳಿ ಒಂದೂ ಅರ್ಥವಾಗಲಿಲ್ಲ. ನಡುವೆ ನಮ್ಮ ಬಸ್ಸಿನ ನಂಬರು ಮಾತ್ರ ಸ್ಪಷ್ಟ. ಓಡಿದೆವು. ಪೊಲೀಸ್ ಸಹಾಯ ಕೇಂದ್ರದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಖಾಕಿಯವರ ನಡುವೆ, ಚೆಂಡುಹೂವಿನ ಅಜ್ಜಿ ಕೂತು ಬಿಸ್ಕತ್ತು ತಿನ್ನುತ್ತಿದ್ದಾರೆ. ಶೌಚಾಲಯ ಹುಡುಕಿ ಹೋದವರು.

“ಎಲ್ಲಿಗೋಗಿದ್ರಿ ನೀವೆಲ್ಲ? ಆಗ್ಲಿಂದ ಕಾಯ್ತಾ ಇವ್ನಿ!”

“ಅಜ್ಜಿ, ನಿಮ್ಮ ಜೋಡಿ ಎಲ್ಲಿ?”

“ನನ್ನೇ ಹುಡ್ಕೊಂಡು ಹೋಗವ್ಳೆ.”

ಮ್ಯಾನೇಜರು ಹಣೆ ಚಚ್ಚಿಕೊಂಡು ಪಕ್ಕದ ಮೈಕಿನ ಬೂತಿಗೆ ನಡೆದರು. ಭೋಜಪುರಿಯ ಪ್ರಕಟಣೆ ಮುಗಿಸಿದ ಸ್ವಯಂಸೇವಕ ಮೈಕು ದಾಟಿಸಿದ. ಲಾಟ್ ಎಂಟರ ಅಷ್ಟೂ ಜನರ ತಲೆಯ ಮೇಲೆ ತುಮಕೂರಿನ ಕನ್ನಡ ಹಾದುಹೋಯಿತು: “ಹಸಿರು ಸೀರೆ ಉಟ್ಟಿರೋ ನಮ್ಮ ಬಸ್ಸಿನ ಅಕ್ಕೋರು ಎಲ್ಲಿದ್ರೂ ಅಲ್ಲೇ ನಿಂತ್ಕೊಳ್ಳಿ. ಹುಡುಕೋಕೆ ಹೋಗ್ಬೇಡಿ. ಅಜ್ಜಿ ಸಿಕ್ಕವ್ರೆ. ನಾವೇ ಬರ್ತೀವಿ.”

ದೂರದ ಸಾಲಿನಿಂದ, ಇನ್ಯಾವುದೋ ಕನ್ನಡದ ಬಸ್ಸಿನವರಿರಬೇಕು, ಗಂಡಸೊಬ್ಬರು ಕೈಯೆತ್ತಿ ಕೂಗಿದರು: “ಇಲ್ಲದಾರ್ರೀ ನಿಮ್ಮ ಅಕ್ಕಾರು! ಮೂರನೇ ಗೇಟಿಗೆ ಬರ್ರಿ!”