ಅಕ್ಕಿಆಲೂರಿನ ಸಾಮಾನ್ಯ ಸಂತರು

ಸೋದರಿಯರೇ, ಹಾನಗಲ್ಲಿಗೆ ತಾರಕೇಶ್ವರನ ಗುಡಿ ನೋಡಲು ಹೋದರೆ ಹತ್ತಿರದ ಅಕ್ಕಿಆಲೂರಿಗೂ ಹೋಗಿಬನ್ನಿ. ರಕ್ತದಾನಿಗಳ ಊರೆಂದೇ ಅದಕ್ಕೆ ಹೆಸರು.

ಬೈಬಲ್ಲಿನಲ್ಲಿ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರವಿದೆ. ತಮ್ಮತಮ್ಮಲ್ಲೇ ಜಗಳಾಡುವ ಸಾಧಾರಣ ಮಂದಿ ಅವರು. ಆದರೂ ದೇವರಿಗೆ ಮೀಸಲಾದವರೆಂದು ಅವರನ್ನೆಲ್ಲ ಸಂತರೆಂದೇ ಕರೆದ. ನಾವು ದೇವರಿಗೆ ಮೀಸಲಿಡೋ ಅಕ್ಕಿಯೂ ಮನೆಯ ಚೀಲದ್ದೇ ಅಲ್ಲವೇ?

ಅಕ್ಕಿಆಲೂರಿನಲ್ಲಿ ನನಗೆ ಇದೇ ನೆನಪಾಯಿತು. ತೀವ್ರ ಥಲಸ್ಸೇಮಿಯಾ ಇರುವ ಮಗುವಿಗೆ 2-4 ವಾರಕ್ಕೊಮ್ಮೆ ರಕ್ತ ಬೇಕು. ಒಮ್ಮೆ ಕೊಟ್ಟ ಗಂಡಸರು 3 ತಿಂಗಳು, ಹೆಂಗಸರು 4 ತಿಂಗಳು ಕಾಯಬೇಕು. ಒಬ್ಬ ಮಹಾತ್ಮನಿಂದ ಇದು ಸಾಗದು. ಸಾಮಾನ್ಯರೇ ಹತ್ತಾರು ಜನ ಬೇಕು.

ಕೊಡಲು ನಮ್ಮ ಹಿಮೋಗ್ಲೋಬಿನ್ 12.5 ಇರಬೇಕಂತೆ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣೋ ನಾವು, ಇನ್ನಾದರೂ ಸೊಪ್ಪು, ಕಾಳು ನಮ್ಮ ತಾಟಿಗೂ ಬಡಿಸಿಕೊಳ್ಳೋಣ.